ಬಾಯೋರಿಗೆ ಮರೆವು ಇರಲಿಲ್ಲ

ಹೋದ ತಿಂಗಳು ಬಾಯೋರು ತೀರಿಕೊಂಡರು. ಧಾರವಾಡದ ನಮ್ಮ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವರು. ಅವರಿಗಾಗಿ ಸಭೆ ಮಾಡಿದೆವು, ಫೋಟೋಕ್ಕೆ ಹಾರ ಹಾಕಿದೆವು, ಎರಡು ನಿಮಿಷ ಎದ್ದು ನಿಂತೆವು. ಆಮೇಲೆ ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಒಳ್ಳೆಯದನ್ನೇ ಮಾತಾಡಿದರು. ಕೊನೆಗೆ ಬಂದ ಒಬ್ಬ ನಿವೃತ್ತ ಪ್ರಾಧ್ಯಾಪಕರು, "ಪಾಪ, ಕಡೀಕ ಕಡೀಕ ಅವರಿಗೆ ಭಾಳ ಮರವು ಬಂದಿತ್ತು ನೋಡ್ರಿ. ಅಂಥಾ ತಲಿ ಹಂಗಾತು" ಎಂದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.

ಬಾಯೋರಿಗೆ ಮರೆವು ಇರಲಿಲ್ಲ. ಇದೆ ಎಂದು ಅವರನ್ನು ನಂಬಿಸಿದವನು ನಾನು, ಒಂದೇ ಒಂದು ಮಾತಿನಿಂದ. ಆ ಮಾತು ಆಡಿ ಹನ್ನೊಂದು ವರ್ಷವಾಯಿತು. ಮೈಕಿನ ಮುಂದೆ ಹೇಳುವ ಧೈರ್ಯ ಬರಲಿಲ್ಲ. ಬರೆಯುವಾಗಲಾದರೂ ಬರಲಿ ಎಂದು ಕೂತಿದ್ದೇನೆ.

ಬಾಯೋರು ಎನ್ನುವುದು ನಮ್ಮ ಕಡೆ ಕಲಿಸುವ ಹೆಂಗಸರಿಗೆ ಹೇಳುವ ಹಳೆಯ ಗೌರವದ ಮಾತು. ಹುಡುಗರೆಲ್ಲ ಮೇಡಮ್ ಎನ್ನತೊಡಗಿದ ಮೇಲೂ ಅವರೊಬ್ಬರು ಬಾಯೋರಾಗಿಯೇ ಉಳಿದರು. ಕುಳ್ಳಗಿನ ಆಳು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಅದರ ಕೆಳಗೆ ಹುಡುಗರು ಆಟಕ್ಕೆ ಹಾಕುವಂಥ ಕ್ಯಾನ್ವಾಸ್ ಬೂಟು. ಯಾರಾದರೂ ಆ ಬೂಟು ನೋಡಿ ನಕ್ಕರೆ, "ಗಿಡಾ ನನ್ನ ಬೂಟ ನೋಡೂದಿಲ್ಲ, ನೀ ಯಾಕ ನೋಡತೀ?" ಎಂದು ಗದರುತ್ತಿದ್ದರು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಬಾಯೋರಿಗಂತೂ ನೂರು ವರ್ಷದ ಮರವೂ ತಾವು ಎತ್ತಿ ಆಡಿಸಿದ ಕೂಸಿನಂತಿತ್ತು.

ದಿನಾ ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ರಸ್ತೆ ಅಗಲ ಮಾಡುವಾಗ ಎರಡೂ ಬದಿಯ ಮರಗಳು ಹೋದವು. ಬಾಯೋರು ಮಾತ್ರ ಕಿಟಕಿಯ ಪಕ್ಕ ಕೂತು ಇಲ್ಲದ ಮರಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು. "ಇಲ್ಲೊಂದು ಹೊಂಗಿ ಇತ್ತು. ಇಲ್ಲಿ ಎರಡು ಹುಣಸಿ. ಈ ಪೆಟ್ರೋಲ್ ಪಂಪ್ ಅದಲ್ಲ, ಅಲ್ಲಿ ಒಂದು ಆಲ, ಅದರ ಕೆಳಗ ಮುದುಕಿ ಪೇರಲಹಣ್ಣ ಮಾರತಿದ್ಲು." ಒಂದೂ ತಪ್ಪುತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ಇವರಿಗೆ ಏನಾದರೂ ಆಗಿದೆಯೇ ಎಂದು ನೋಡುತ್ತಿದ್ದರು. ಹುಬ್ಬಳ್ಳಿಯ ಅಪ್ಪನ ಮನೆಯಿಂದ ಬರುವ ದಿನ ಅದೇ ಬಸ್ಸಿನಲ್ಲಿರುತ್ತಿದ್ದ ನಾನು ಮುಖ ಮುಚ್ಚಿಕೊಂಡು ನಗುತ್ತಿದ್ದೆ.

ವಿದ್ಯಾರ್ಥಿಗಳನ್ನು ಹೆಸರಿನಿಂದಲ್ಲ, ಅವರು ಪರೀಕ್ಷೆಯಲ್ಲಿ ಮಾಡಿದ ತಪ್ಪಿನಿಂದ ನೆನಪಿಡುತ್ತಿದ್ದರು. ಒಮ್ಮೆ ಸಂತೆಯಲ್ಲಿ ನನ್ನ ಜೊತೆ ಮೆಂತ್ಯೆ ಆರಿಸುತ್ತಿದ್ದಾಗ, ಮೊಮ್ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು ಎದುರಾದಳು. ಬಾಯೋರು ಕನ್ನಡಕ ಸರಿಸಿ ನೋಡಿ, "ನೀ ಬಿಲ್ವಕ್ಕ ಲಿಂಬಿ ಅಂತ ಬರದಾಕಿ ಅಲ್ಲೇನವಾ?" ಎಂದರು. ಆಕೆ ಅಷ್ಟು ಜನರ ಮುಂದೆ ನಾಚಿಕೊಂಡು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆ ಪರೀಕ್ಷೆ ನಡೆದು ಇಪ್ಪತ್ತೇಳು ವರ್ಷವಾಗಿತ್ತಂತೆ.

ನಾನು ಆ ಕಾಲೇಜಿಗೆ ತಾತ್ಕಾಲಿಕ ಉಪನ್ಯಾಸಕನಾಗಿ ಬಂದವನು. ಅಪ್ಪ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕ್. ನನ್ನ ಹೆಸರು ಕೇಳಿದ ಕೂಡಲೇ ಧಾರವಾಡದ ಲಕಮನಹಳ್ಳಿಯಲ್ಲಿ ಇಬ್ಬರು ಬಾಡಿಗೆ ಮನೆಯ ಮಾಲೀಕರಿಗೆ ತಮ್ಮ ಮನೆ ಖಾಲಿಯಿಲ್ಲ ಎಂಬುದು ಥಟ್ಟನೆ ಹೊಳೆಯಿತು. ವಿಷಯ ತಿಳಿದ ಬಾಯೋರು ಮರುದಿನ ನನ್ನನ್ನು ಕರೆದುಕೊಂಡು ಹೋಗಿ ಅವರಲ್ಲೊಬ್ಬರ ಅಂಗಳದಲ್ಲಿ ನಿಂತರು. "ಈ ಮಾಸ್ತರ ನಮ್ಮವರು. ಮನಿ ಕೊಡ್ರಿ. ಇಲ್ಲಾ, ಯಾಕ ಕೊಡೂದಿಲ್ಲ ಅನ್ನೂದನ್ನ ನನ್ನ ಮಾರಿ ನೋಡಿ ಹೇಳ್ರಿ." ಮಾಲೀಕರು ಒಳಗೆ ಹೋಗಿ ಬೀಗದ ಕೈ ತಂದುಕೊಟ್ಟರು. ಆ ಮನೆಯಲ್ಲಿ ನಾನು ಆರು ವರ್ಷ ಇದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಮಾಡಿದ್ದು ಯಾರಿಗೆ ಮಾಡಿದ್ದು ಎನ್ನುವುದು ಓದುವವರಿಗೆ ಗೊತ್ತಿರಲಿ.

ಇನ್ನು ತೋಟದ ಮಾತು. ಬೆಳಗಾವಿಯ ಆಚೆ, ಘಟ್ಟದ ಅಂಚಿನಲ್ಲಿ, ಒಂದು ಕಾಲಕ್ಕೆ ಸಣ್ಣ ಸಂಸ್ಥಾನವಾಗಿದ್ದ ಊರಿದೆ. ಅಲ್ಲಿಯ ಅರಸನಿಗೆ ಗಿಡದ ಹುಚ್ಚು. ತೀರ ಸೆಕೆಯೂ ಅಲ್ಲದ, ತೀರ ಚಳಿಯೂ ಅಲ್ಲದ, ಪುಸ್ತಕದಲ್ಲಿ ಉಪೋಷ್ಣವಲಯ ಎಂದು ಬರೆಯುವ ನಾಡುಗಳಿಂದ ಸಸಿ ತರಿಸಿ ಗುಡ್ಡದ ಇಳಿಜಾರಿನಲ್ಲಿ ನೆಡಿಸಿದ. ಅರಸೊತ್ತಿಗೆ ಹೋಯಿತು, ತೋಟ ಉಳಿಯಿತು. ಬಾಯೋರು ಪ್ರತಿವರ್ಷ ಕೊನೆಯ ವರ್ಷದ ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಬೆಳಿಗ್ಗೆ ಆರಕ್ಕೆ ಹೊರಟು ಸಂಜೆಯೊಳಗೆ ವಾಪಸು ತರುತ್ತಿದ್ದರು. ಇಡೀ ಬಸ್ಸಿಗೆ ಸಾಲುವಷ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಅವರ ಮನೆಯಿಂದಲೇ ಬರುತ್ತಿತ್ತು.

ತೋಟದಲ್ಲಿ ಅವರ ಕಾನೂನು ಬೇರೆ. ಗಿಡದಿಂದ ಒಂದು ಎಲೆಯನ್ನೂ ಕೀಳುವಂತಿಲ್ಲ, ಬಿದ್ದದ್ದನ್ನು ಮಾತ್ರ ಆರಿಸಬೇಕು. ಆರಿಸಿದ ಎಲೆಯನ್ನು ಬೆರಳಲ್ಲಿ ತಿಕ್ಕಿ, ಕಣ್ಣು ಮುಚ್ಚಿ ಮೂಸಬೇಕು. "ಕಣ್ಣ ಸುಳ್ಳ ಹೇಳತಾವು, ಮೂಗು ಹೇಳೂದಿಲ್ಲ" ಎನ್ನುತ್ತಿದ್ದರು. ತೋಟದ ನಡುವೆ ಒಂದು ಕರ್ಪೂರದ ಮರವಿತ್ತು. ನಾಲ್ಕು ಹುಡುಗಿಯರು ಕೈಕೈ ಹಿಡಿದು ನಿಂತರೂ ಅದರ ಸುತ್ತು ಪೂರ್ತಿಯಾಗುತ್ತಿರಲಿಲ್ಲ. ಹೋದ ಕೂಡಲೇ ಬಾಯೋರು ಅದರ ಕಾಂಡದ ಮೇಲೆ ಅಂಗೈ ಇಟ್ಟು, "ಹೆಂಗಿದ್ದೀಯಪಾ?" ಎಂದು ಕೇಳುತ್ತಿದ್ದರು. ಹುಡುಗರು ಮುಸಿಮುಸಿ ನಕ್ಕರೆ ಅವರಿಗೆ ಅದರ ಪರಿವೆ ಇರಲಿಲ್ಲ.

ಊಟದ ನಂತರ ಪರೀಕ್ಷೆ. ಹದಿನೈದು ಗಿಡಗಳಿಗೆ ನಂಬರು ಹಚ್ಚುವುದು, ಹುಡುಗರು ಒಂದೊಂದರ ಮುಂದೆ ನಿಂತು ಹೆಸರು ಬರೆಯುವುದು. ಮೊದಲೆಲ್ಲ ರಟ್ಟಿನ ಚೀಟಿಯನ್ನು ದಾರದಿಂದ ಕಟ್ಟುತ್ತಿದ್ದರು. ಒಂದು ವರ್ಷ ಮಂಗಗಳು ಚೀಟಿ ಕಿತ್ತು ಒಂದರದು ಇನ್ನೊಂದರ ಬುಡಕ್ಕೆ ಎಸೆದು, ಅರ್ಧ ತರಗತಿ ಹಲಸಿನ ಮುಂದೆ ನಿಂತು ಸಂಪಿಗೆ ಎಂದು ಬರೆಯಿತು. ಹಾಗಾಗಿ ಮರುವರ್ಷ ಬಾಯೋರು ತೋಟ ನೋಡಿಕೊಳ್ಳುವ ಮಾಳಿಯ ಒಪ್ಪಿಗೆ ಪಡೆದು ಸುಣ್ಣದಿಂದಲೇ ನಂಬರು ಬರೆದರು. ಪರೀಕ್ಷೆ ಮುಗಿದ ಮೇಲೆ ಒಂದು ಬಕೀಟು ನೀರು, ಒಂದು ಹಳೆಯ ಅರಿವೆ ನನ್ನ ಕೈಗೆ ಕೊಟ್ಟು ಹೇಳಿದರು: "ಮಾಸ್ತರ, ಎಲ್ಲಾ ನಂಬರ ಒರಸಿ ಬರ್ರಿ. ಹದಿನೈದೂ. ಒಂದೂ ಉಳೀಬಾರದು."

ನಾನು ಆರು ಒರೆಸಿದೆ. ನೀರು ತೀರಿತು. ನಲ್ಲಿ ಕೆಳಗಿನ ತಗ್ಗಿನಲ್ಲಿತ್ತು, ದಾರಿಯೆಲ್ಲ ರಾಡಿ. ನನ್ನ ಕಾಲಲ್ಲಿ ಹೊಸ ಬೂಟು. ಖಾಯಂ ನೌಕರಿಯ ಸಂದರ್ಶನ ಅದೇ ತಿಂಗಳಿತ್ತು, ಅದಕ್ಕೆಂದೇ ಕೊಂಡದ್ದು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮೋಡ ಕಟ್ಟಿತ್ತು. ಹೇಗೂ ಮಳೆ ಬಂದು ತೊಳೆದುಕೊಂಡು ಹೋಗುತ್ತದೆ ಎಂದುಕೊಂಡು ಬಕೀಟನ್ನು ಮಾಳಿಯ ಕೋಣೆಯ ಮುಂದಿಟ್ಟು ಬಸ್ಸು ಹತ್ತಿದೆ. ಇಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿ ಇದ್ದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಮಳೆ ಬರಲಿಲ್ಲ. ತೋಟದಲ್ಲಿ ವಾಹನ ನಿಲ್ಲಿಸಲು ಜಾಗ ಮಾಡುವ ಕೆಲಸ ಆ ವಾರವೇ ಶುರುವಾಗುವುದಿತ್ತು. ಒಣಗಿದ ಏಳೆಂಟು ನೀಲಗಿರಿ ಮರಗಳನ್ನು ಕಡಿಯಬೇಕೆಂದು ಗೇಟಿನ ಹತ್ತಿರ ಅವಕ್ಕೂ ಸುಣ್ಣದಲ್ಲೇ ನಂಬರು ಹಾಕಿದ್ದರು. ಮರುದಿನ ಬೆಳಿಗ್ಗೆ ಯಂತ್ರದ ಗರಗಸ ಹಿಡಿದು ಬಂದ ಕೆಲಸದವರಿಗೆ ಹೇಳಿದ್ದು ಒಂದೇ ಮಾತು, ನಂಬರಿದ್ದ ಮರ ಕಡಿಯಿರಿ. ಪೇಟೆಗೆ ಹೋಗಿದ್ದ ಮಾಳಿ ಸುದ್ದಿ ತಿಳಿದು ಕೂಗುತ್ತ ಓಡಿ ಬರುವಷ್ಟರಲ್ಲಿ ನಮ್ಮ ಒಂಬತ್ತರಲ್ಲಿ ಮೂರು ನೆಲಕ್ಕೆ ಬಿದ್ದಿದ್ದವು. ಕರ್ಪೂರದ ಮರ ಅವುಗಳಲ್ಲಿ ಒಂದು. ಮಾಳಿ ಬಾಯೋರಿಗೆ ಫೋನ್ ಮಾಡಿ ಅತ್ತನಂತೆ. ಊರ ಬಸ್ ನಿಲ್ದಾಣದವರೆಗೂ ಕರ್ಪೂರದ ವಾಸನೆ ಹಬ್ಬಿದೆ, ಜನ ಇದ್ಯಾವ ಪೂಜೆ ಎಂದು ಕೇಳುತ್ತಿದ್ದಾರೆ ಎಂದನಂತೆ.

ತೋಟದ ಆಡಳಿತದಿಂದ ಕಾಲೇಜಿಗೆ ಪತ್ರ ಬಂತು. ಪ್ರಾಚಾರ್ಯರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ನನ್ನ ಸಂದರ್ಶನಕ್ಕೆ ನಾಲ್ಕು ದಿನ ಉಳಿದಿತ್ತು, ಸಂದರ್ಶನ ಮಾಡುವವರಲ್ಲಿ ಇವರೂ ಒಬ್ಬರು.

"ಒರಸಬೇಕಂತ ಯಾರಿಗರೆ ಹೇಳಿದ್ರೇನ್ರಿ?" ಎಂದು ಅವರು ಬಾಯೋರನ್ನು ಕೇಳಿದರು.

ಬಾಯೋರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಆರೋಪ ಇರಲಿಲ್ಲ. ಗೊತ್ತಿದ್ದ ಉತ್ತರವನ್ನು ಜಾಣ ಹುಡುಗನಿಂದ ಹೇಳಿಸುವ ಹಾಗೆ ಕೇಳಿದರು. "ನಿಮಗ ಹೇಳಿದ್ನಲ್ರಿ ಮಾಸ್ತರ?"

"ನನಗ ನೆನಪಿಲ್ರಿ ಬಾಯೋರ" ಎಂದೆ.

ಅವರು ಕೂಗಾಡಿದ್ದರೆ, ನೀವು ಸುಳ್ಳು ಹೇಳುತ್ತೀರಿ ಎಂದಿದ್ದರೆ, ನಾನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವರು ಹಾಗನ್ನಲಿಲ್ಲ. ಪ್ರಾಚಾರ್ಯರ ಕಡೆ ತಿರುಗಿ, "ಮಾಸ್ತರ ಸುಳ್ಳ ಹೇಳೂ ಪೈಕಿ ಅಲ್ರಿ. ಹಂಗಾರ ನಾನ ಹೇಳಿರಲಿಕ್ಕಿಲ್ಲ. ಹೇಳೇನಿ ಅಂತ ತಿಳಕೊಂಡೇನಿ" ಎಂದರು. ಆಮೇಲೆ ಯಾರಿಗೂ ಅಲ್ಲ ಎಂಬಂತೆ, "ಬಕೀಟ ಕೊಟ್ಟಂಗ ಅನಸಿತ್ತಲ್ಲ" ಎಂದರು. ತಪ್ಪು ತಮ್ಮದೆಂದು ಬರೆದುಕೊಟ್ಟು ಸಹಿ ಮಾಡಿದರು. ನಾನು ಖಾಯಂ ಆದೆ.

ತೋಟದ ಪ್ರವಾಸ ನಿಂತಿತು. ಹುಡುಗರು ಕೇಳಿದರೆ ಬಾಯೋರು ಬೇಡ ಎನ್ನುವಂತೆ ಕೈಯಾಡಿಸುತ್ತಿದ್ದರು. ಮರ ಹೋದ ದುಃಖ ಎಂದು ಎಲ್ಲರೂ ತಿಳಿದರು. ಅದೂ ಇತ್ತು. ಆದರೆ ಬೇರೆ ಏನೋ ಶುರುವಾದದ್ದು ನನ್ನ ಕಣ್ಣಿಗೆ ಮಾತ್ರ ಬೀಳುತ್ತಿತ್ತು. ಪ್ರಯೋಗಾಲಯಕ್ಕೆ ಬೀಗ ಹಾಕಿ ಮೆಟ್ಟಿಲಿಳಿದು ಮತ್ತೆ ಹತ್ತಿ ಹೋಗಿ ಬೀಗ ಜಗ್ಗಿ ನೋಡುತ್ತಿದ್ದರು. ಪ್ರಶ್ನೆಪತ್ರಿಕೆ ತೆಗೆಯುವುದಿಲ್ಲ ಎಂದರು. ವಿಭಾಗದ ಮುಖ್ಯಸ್ಥರಾಗುವ ಸರದಿ ಬಂದಾಗ ಬೇಡವೆಂದರು. ಒಂದು ದಿನ ತರಗತಿಯಲ್ಲಿ ಬೇವಿನ ಕುಟುಂಬ ಯಾವುದೆಂದು ಹೇಳುವ ಮೊದಲು ಬೆನ್ನು ತಿರುಗಿಸಿ ಪುಸ್ತಕ ತೆರೆದು ನೋಡಿಕೊಂಡರು. ಬೇವು! ಅದನ್ನು ಮೊದಲ ವರ್ಷದ ಹುಡುಗನೂ ನಿದ್ದೆಯಲ್ಲಿ ಹೇಳುತ್ತಾನೆ. ನಾನು ಬಾಗಿಲ ಹೊರಗೆ ನಿಂತು ಅದನ್ನು ಕಂಡು, ನೋಡಲೇ ಇಲ್ಲ ಎಂಬಂತೆ ನಡೆದುಹೋದೆ.

ಅವರ ಯಜಮಾನರು ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರಸ್ಥರು. ಬಹಳ ಒಳ್ಳೆಯವರು, ಅದನ್ನು ಹೇಳಲೇಬೇಕು. ತಮಗೆ ಮರೆವು ಶುರುವಾಗಿದೆ ಎಂದು ಬಾಯೋರೇ ಅವರಿಗೆ ಹೇಳಿದ್ದರು. ಪಾಪ, ಅವರು ಗಾಬರಿಯಾಗಿ ಕೈಲಾದದ್ದೆಲ್ಲ ಮಾಡಿದರು. ಸಂಜೆ ನಮ್ಮ ವಿಭಾಗದ ಕೋಣೆಗೆ ಫೋನ್ ಬರುತ್ತಿತ್ತು: "ಮಾಸ್ತರ, ಇಕಿ ಬಸ್ ಹತ್ತಿದ್ಲೇನ್ರಿ? ಛತ್ರಿ ತೊಗೊಂಡ್ಲೇನ್ರಿ?" ಆಮೇಲೆ ಬಸ್ಸೇ ಬೇಡವೆಂದು ಅಂಗಡಿಯ ಗಾಡಿ ಕಳಿಸತೊಡಗಿದರು. ಬಸ್ಸಿನ ಕಿಟಕಿ ತಪ್ಪಿತು, ಇಲ್ಲದ ಮರಗಳ ಹಾಜರಿಯೂ ತಪ್ಪಿತು. ಎರಡು ವರ್ಷದಲ್ಲಿ ಬಾಯೋರು ಸ್ವಯಂನಿವೃತ್ತಿ ಪಡೆದರು. ಬೀಳ್ಕೊಡುವ ದಿನ ಹಾರ ಹಾಕಿದವನು ನಾನೇ.

ಹೇಳಬೇಕೆಂದು ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಹೋಗುತ್ತಿದ್ದೆ, ಚಹಾ ಕುಡಿಯುತ್ತಿದ್ದೆ, ಮಕ್ಕಳ ಸಾಲೆಯ ಮಾತಾಡಿ ಎದ್ದು ಬರುತ್ತಿದ್ದೆ. ತಡವಾದಷ್ಟೂ ಮಾತು ಭಾರವಾಯಿತು. ಈಗ ಹೇಳಿ ಏನುಪಯೋಗ, ಮರ ಹೋಗಿದೆ, ಅವರು ಮರೆತಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವರು ಮರೆಯುವವರಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಎರಡು ವರ್ಷದ ಹಿಂದೆ ಅವರೇ ಫೋನ್ ಮಾಡಿದರು. "ಮಾಸ್ತರ, ಒಮ್ಮಿ ತ್ವಾಟಕ್ಕ ಹೋಗಿ ಬರೂಣ್ರಿ. ಒಬ್ಬಾಕಿನ್ನ ಮನ್ಯಾಗ ಬಿಡೂದಿಲ್ಲ. ನೀವು ಜೋಡಿ ಇದ್ರ ಬಿಡತಾರ." ಗಾಡಿ ಹತ್ತಿಸುವಾಗ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಕೈ ಬಿಡಬ್ಯಾಡ್ರಿ, ಎಲ್ಲ್ಯರೆ ಹೊಕ್ಕಾಳ" ಎಂದರು. ಬಾಯೋರಿಗೆ ಅದು ಕೇಳಿಸಿತು. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

ತೋಟಕ್ಕೆ ಈಗ ಟಿಕೀಟು, ಸಿಮೆಂಟಿನ ಜಿಂಕೆ, ಫೋಟೋ ತೆಗೆಸಿಕೊಳ್ಳಲು ಹೃದಯದ ಆಕಾರದ ಚೌಕಟ್ಟು. ಹಳೆಯ ಮಾಳಿ ಇರಲಿಲ್ಲ. ಬಾಯೋರು ಯಾರನ್ನೂ ಕೇಳದೆ, ಎಲ್ಲೂ ತಪ್ಪದೆ, ಕರ್ಪೂರದ ಮರ ಇದ್ದ ಜಾಗಕ್ಕೆ ನೆಟ್ಟಗೆ ನಡೆದರು. ಮೋಟಿನ ಸುತ್ತ ನಾಲ್ಕಾರು ಹೊಸ ಚಿಗುರು ಎದ್ದು ಆಳೆತ್ತರ ಬೆಳೆದಿದ್ದವು. ಬಾಯೋರು ಬಗ್ಗಿ, ಕೆಳಗೆ ಬಿದ್ದ ಒಂದು ಎಲೆ ಆರಿಸಿ, ತಿಕ್ಕಿ, ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು. ನಿಂತ ನನಗೂ ವಾಸನೆ ಬರುತ್ತಿತ್ತು. ಅವರು ಕಣ್ಣು ತೆರೆದು ಆ ಎಲೆಯನ್ನು ನನ್ನ ಮುಂದೆ ಹಿಡಿದರು.

"ಕರ್ಪೂರ ಹೌದಲ್ರಿ ಇದು? ನೀವು ನೋಡಿ ಹೇಳ್ರಿ ಮಾಸ್ತರ. ನನಗ ಖಾತ್ರಿ ಇಲ್ಲ."

ನನ್ನಿಂದ ತಡೆಯಲಾಗಲಿಲ್ಲ. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬಕೀಟು, ಅರಿವೆ, ರಾಡಿ, ಬೂಟು, ಸಂದರ್ಶನ. "ನೀವು ಹೇಳಿದ್ರಿ ಬಾಯೋರ. ನಾ ಸುಳ್ಳ ಹೇಳಿದೆ" ಎಂದೆ.

ಅವರು ಅಳಲಿಲ್ಲ. ಮೌಖಿಕ ಪರೀಕ್ಷೆ ಮಾಡುವವರಂತೆ ಕೇಳಿದರು. "ನಾ ಏನಂತ ಹೇಳಿದ್ದೆ? ಹೆಂಗ ಹೇಳಿದ್ದೆ ಹಂಗ ಹೇಳ್ರಿ."

"'ಎಲ್ಲಾ ನಂಬರ ಒರಸಿ ಬರ್ರಿ. ಹದಿನೈದೂ. ಒಂದೂ ಉಳೀಬಾರದು' ಅಂದಿದ್ರಿ."

"ನಾ ಎಲ್ಲಿ ನಿಂತಿದ್ದೆ?"

"ಸಂಪಿಗಿ ಗಿಡದ ಕಟ್ಟಿ ಮ್ಯಾಲ."

"ಹೌದು. ನನ್ನ ಎಡಗೈಯಾಗ ಬಕೀಟ ಇತ್ತು" ಎಂದರು. ಆಮೇಲೆ ಮೋಟಿನ ಅಂಚಿಗೆ ಕೂತರು. "ಒಂಬತ್ತು ವರ್ಷ ಮಾಸ್ತರ. ದಿನಾ ಮುಂಜಾನೆ ಎದ್ದ ಕೂಡ್ಲೆ ನಾ ಇದನ್ನ ನೋಡತಿದ್ದೆ. ಬಕೀಟ, ಅರಿವಿ, ನಿಮ್ಮ ಕೈ. ಖರೇ ಕಂಡಂಗ ಕಾಣತಿತ್ತು. ಇದು ಆಗೇ ಇಲ್ಲ, ನನ್ನ ತಲಿ ಹುಟ್ಟಸೇದ ಅಂತ ನನಗ ನಾನ ಹೇಳಕೋತಿದ್ದೆ. ಇಷ್ಟು ಸ್ವಚ್ಛ ಕಾಣೂದ ಸುಳ್ಳಾದ್ರ ಉಳಿದದ್ದನ್ನ ಹೆಂಗ ನಂಬಲಿ? ಗಿಡದ ಹೆಸರ ನಂಬಲಿಲ್ಲ. ಮಕ್ಕಳ ಹೆಸರ ಕರಿಯೂ ಮುಂದ ಸುದ್ದಾ ಒಮ್ಮೆ ವಿಚಾರ ಮಾಡತಿದ್ದೆ."

ನಾನು ಕೈ ಮುಗಿದು ಕ್ಷಮಿಸಿ ಎಂದೆ. ಅವರು ನನ್ನ ಕೈಗಳನ್ನು ಸರಿಸಿದರು. "ಅದು ಬ್ಯಾಡ. ನನ್ನ ಮುಂದ ಹೇಳಿದ್ದು ಸಾಲೂದಿಲ್ಲ. ನಮ್ಮ ಮನಿಯವರ ಮುಂದ ಹೇಳ್ರಿ. ಇವತ್ತ."

ಕೂಡಲೇ ಹೊರಟೆವು. ಧಾರವಾಡದಲ್ಲಿ ನನ್ನ ಮನೆಯ ದಾರಿ ಬಂದಾಗ ಡ್ರೈವರ್ ನಿಧಾನ ಮಾಡಿದ. "ಇಲ್ಲಿ ನಿಂದ್ರಸಬ್ಯಾಡ, ನಡಿ" ಎಂದರು ಬಾಯೋರು. ದೇಶಪಾಂಡೆ ನಗರದ ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಯಜಮಾನರು ಆಗಷ್ಟೇ ಅಂಗಡಿಯಿಂದ ಬಂದು ಕೂತಿದ್ದರು. ಬಾಯೋರು ಅವರ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತು ನನ್ನ ಕಡೆ ನೋಡಿದರು. ಆ ಮುಖದಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗಿಯ ಆಸೆ ಇತ್ತು. ನಾನು ಮತ್ತೆ ಮೊದಲಿನಿಂದ ಹೇಳಿದೆ, ಒಂದನ್ನೂ ಬಿಡಲಿಲ್ಲ.

ಯಜಮಾನರು ಪೂರ್ತಿ ಕೇಳಿದರು. ಆಮೇಲೆ ನಕ್ಕು ನನ್ನ ಮೊಣಕಾಲು ತಟ್ಟಿದರು. "ಅಯ್ಯ, ಇಷ್ಟಕ್ಕ ಇಷ್ಟು ಮಾರಿ ಸಣ್ಣ ಮಾಡಕೊಂಡೀರೇನ್ರಿ? ಹೋಗ್ಲಿ ಬಿಡ್ರಿ ಮಾಸ್ತರ. ಹರೇದಾಗ ತಪ್ಪ ಆಗತಾವು. ಹ್ವಾದ ಗಿಡಾ ಹೊಳ್ಳಿ ಬರತದೇನು?"

"ಗಿಡದ ಮಾತಲ್ರಿ ಇದು" ಎಂದರು ಬಾಯೋರು. "ನಾ ಹೇಳಿದ್ದೆ. ನನಗ ನೆನಪಿತ್ತು. ತಿಳೀತಿಲ್ಲೋ ನಿಮಗ?"

"ತಿಳೀತ, ತಿಳೀತ. ಮುಂಜಾನೆಯಿಂದ ತಿರಗ್ಯಾಡಿ ದಣದೀ ನೀ. ಮಾಸ್ತರಗ ಚಾ ಮಾಡು ಒಂದೀಟು" ಎಂದರು ಯಜಮಾನರು, ಪ್ರೀತಿಯಿಂದಲೇ.

ಬಾಯೋರು ಎದ್ದು ಅಡುಗೆಮನೆಗೆ ಹೋದರು. ಯಜಮಾನರು ಹತ್ತಿಯ ಧಾರಣೆ, ಈ ಸಲದ ಮಳೆ ಎಂದು ಏನೇನೋ ಮಾತಾಡಿದರು. ಒಳಗೆ ಪಾತ್ರೆಯ ಸದ್ದು, ಚಹಾ ಕುದಿದು ಏಲಕ್ಕಿಯ ವಾಸನೆ, ಕಪ್ಪು-ಬಸಿಗಳನ್ನು ಜೋಡಿಸುವ ಸದ್ದು. ಮಾತಿನ ನಡುವೆಯೇ ಯಜಮಾನರು ಅಡುಗೆಮನೆಯ ಕಡೆ ಕತ್ತು ತಿರುಗಿಸಿ ಕೂಗಿದರು. "ಕೇಳಿತೇನ? ಗ್ಯಾಸ ಬಂದ್ ಮಾಡಿದೀ ಹೌದಲ್ಲ?"

ಒಳಗೆ ಸದ್ದು ನಿಂತಿತು. ಬಾಯೋರ ದನಿ ಕೇಳಿತು.

"ತಡೀರಿ, ನೋಡತೇನಿ."